ಗಲ್ಲು ಕೈದಿಗಳ ಮಾತು ಕೇಳಿದ ವಿದ್ಯಾರ್ಥಿಗಳು: ಗಡಿನಾಡಿನ ಎರಡು ನುಡಿಗೆ ಅಲ್ಲೇನು ಕೆಲಸ?

ಜವಳಗಿರಿ: ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗೂ ಬೆರೆತ ಮಾತು, ಶಾಲೆ ಮತ್ತು ಸರ್ಕಾರಿ ಕಚೇರಿಯಲ್ಲಿ ತಮಿಳು. ಡೆಂಕಣಿಕೋಟೆ, ತಳಿ, ಹೊಸೂರು ಕಡೆಯ ಹುಡುಗ ಹುಡುಗಿಯರಿಗೆ ಇದು ಹುಟ್ಟಿನಿಂದ ಬಂದದ್ದು. ಬಂದದ್ದರಿಂದಲೇ ಇದೊಂದು ವಿದ್ಯೆ ಎಂದು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆದರೆ ದೇಶದ ಜೈಲುಗಳಲ್ಲಿ ಯಾರಿದ್ದಾರೆ, ಅಲ್ಲಿಗೆ ಹೇಗೆ ಬಂದರು, ಅವರ ಕೇಸು ಸರಿಯಾಗಿ ನಡೆಯಿತೇ ಎಂದು ಹುಡುಕುವ ಸಂಶೋಧನೆಗೆ ಇಂತಹ ಮಕ್ಕಳೇ ಬೇಕು. ಕಾನೂನು ಓದಿದವರು ಸಿಗುತ್ತಾರೆ. ಕೈದಿಯ ತಾಯಿಯ ಜೊತೆ ಆಕೆಯ ಭಾಷೆಯಲ್ಲಿ ಕೂತು ಮಾತಾಡಬಲ್ಲವರು ಸಿಗುವುದು ಕಷ್ಟ.

ಈ ಬಗೆಯ ಸಂಶೋಧನೆ ನಮ್ಮ ದೇಶದಲ್ಲಿ ಹೇಗೆ ನಡೆದಿದೆ, ಅದರಲ್ಲಿ ವಿದ್ಯಾರ್ಥಿಗಳು ಏನು ಮಾಡಿದರು, ಈ ಭಾಗದ ಮಕ್ಕಳು ಅದಕ್ಕೆ ಸೇರುವ ದಾರಿ ಯಾವುದು ಎಂಬ ವಿವರ ಇಲ್ಲಿದೆ.

ಪ್ರೊಫೆಸರ್ ಕೇಳಿದ ಸರಳ ಪ್ರಶ್ನೆ

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅನೂಪ್ ಸುರೇಂದ್ರನಾಥ್ 2013ರಲ್ಲಿ ಒಂದು ಕೆಲಸಕ್ಕೆ ಕೈಹಾಕಿದರು. ಭಾರತದಲ್ಲಿ ಗಲ್ಲು ಶಿಕ್ಷೆ ವಿಧಿಸಿಕೊಂಡು ಜೈಲಿನಲ್ಲಿ ಇರುವವರು ಯಾರು? ಯಾವ ಊರು, ಯಾವ ಕಸುಬು, ಎಷ್ಟು ಓದಿದ್ದಾರೆ, ವಕೀಲರು ಯಾರಿದ್ದರು? ಪ್ರಶ್ನೆ ಸರಳ. ಉತ್ತರ ಮಾತ್ರ ಯಾರ ಬಳಿಯೂ ಒಂದೇ ಕಡೆ ಇರಲಿಲ್ಲ. ಪ್ರತಿ ರಾಜ್ಯದ ಜೈಲು ಇಲಾಖೆಗೂ ಬರೆದು, ಅನುಮತಿ ಪಡೆದು, ಜೈಲಿನಿಂದ ಜೈಲಿಗೆ ಹೋಗಿ ಕೇಳಬೇಕಿತ್ತು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ಇದಕ್ಕೆ ಜೊತೆ ನೀಡಿತು. ಕೆಲಸದ ಬಹುಪಾಲು ಹೊತ್ತವರು ವಿದ್ಯಾರ್ಥಿಗಳು.

ಅವರು ಜೈಲಿನೊಳಗೆ ಕೈದಿಗಳ ಜೊತೆ ಮಾತಾಡಿದರು. ಅಷ್ಟಕ್ಕೇ ನಿಲ್ಲಿಸದೆ ಕೈದಿಗಳ ಮನೆಗಳನ್ನೂ ಹುಡುಕಿಕೊಂಡು ಹೋದರು. ಜೈಲಿನ ದಾಖಲೆಯಲ್ಲಿ ಇರುವುದು ಹೆಸರು, ನಂಬರು, ಸೆಕ್ಷನ್ನು. ಆ ಮನುಷ್ಯ ಹೇಗೆ ಬೆಳೆದ, ಶಾಲೆ ಯಾಕೆ ಬಿಟ್ಟ, ತಲೆಗೆ ಪೆಟ್ಟು ಬಿದ್ದಿತ್ತೇ, ಕೇಸು ನಡೆಸಲು ಹೊಲ ಮಾರಿದರೇ ಎಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ಒಟ್ಟು 385 ಮಂದಿ ಗಲ್ಲು ಕೈದಿಗಳನ್ನು ಗುರುತಿಸಲಾಯಿತು. ಅವರಲ್ಲಿ 373 ಮಂದಿಯ ವಿವರ ಸಂದರ್ಶನದ ಮೂಲಕ ಸಿಕ್ಕಿತು. 2016ರ ಮೇ ತಿಂಗಳಲ್ಲಿ ವರದಿ ಪ್ರಕಟವಾಯಿತು.

ವರದಿ ಹೇಳಿದ್ದು ಇಷ್ಟು. ಗಲ್ಲು ಕೈದಿಗಳಲ್ಲಿ 100ಕ್ಕೆ 74 ಮಂದಿ ಕಡು ಬಡತನದ ಅಂಚಿನವರು. 100ಕ್ಕೆ 23 ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. 2000ದಿಂದ 2015ರವರೆಗೆ ಕೆಳ ನ್ಯಾಯಾಲಯಗಳು ವಿಧಿಸಿದ ಗಲ್ಲು ಶಿಕ್ಷೆಗಳಲ್ಲಿ ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಉಳಿದುಕೊಂಡದ್ದು 100ಕ್ಕೆ 5ಕ್ಕಿಂತ ಕಡಿಮೆ. ಸುಮಾರು 30 ಮಂದಿ ನಿರ್ದೋಷಿಗಳೆಂದೇ ಬಿಡುಗಡೆಯಾದರು. ಗಲ್ಲು ಶಿಕ್ಷೆ ಇರಬೇಕೋ ಬೇಡವೋ ಎಂಬ ವಾದ ಹಾಗಿರಲಿ. ಕೆಳ ನ್ಯಾಯಾಲಯ ಗಲ್ಲು ಎಂದ 100 ಜನರಲ್ಲಿ 30 ಮಂದಿಯನ್ನು ಮೇಲಿನ ನ್ಯಾಯಾಲಯ ಮನೆಗೆ ಕಳುಹಿಸುತ್ತದೆ ಎಂದರೆ, ತನಿಖೆಯಲ್ಲೋ ವಿಚಾರಣೆಯಲ್ಲೋ ಎಲ್ಲೋ ದೊಡ್ಡ ತೂತು ಇದೆ ಎಂದೇ ಅರ್ಥ.

ನ್ಯಾಯಾಲಯದಲ್ಲಿ ತಮ್ಮ ಎದುರಿಗೇ ನಡೆಯುತ್ತಿದ್ದದ್ದು ಏನೆಂದು ತಿಳಿಯಲಿಲ್ಲ ಎಂದು ಅನೇಕ ಕೈದಿಗಳು ಹೇಳಿದ್ದನ್ನೂ ವರದಿ ದಾಖಲಿಸಿತು. ಗಡಿನಾಡಿನ ಓದುಗರು ಗಮನಿಸಬೇಕಾದ ಮಾತು ಇದು.

ಈ ಕೆಲಸವೇ ಮುಂದೆ 'ಪ್ರಾಜೆಕ್ಟ್ 39ಎ' ಎಂಬ ಹೆಸರಿನಲ್ಲಿ ಬೆಳೆಯಿತು. ಸಂವಿಧಾನದ 39ಎ ವಿಧಿ ಎಂದರೆ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂದು ಸರ್ಕಾರಕ್ಕೆ ಹೇಳುವ ವಿಧಿ. 1976ರಲ್ಲಿ 42ನೇ ತಿದ್ದುಪಡಿಯಲ್ಲಿ ಸೇರಿಸಿದ್ದು. ತಂಡ ಪ್ರತಿ ವರ್ಷ ಗಲ್ಲು ಶಿಕ್ಷೆಯ ಅಂಕಿ ಅಂಶಗಳನ್ನು ಪ್ರಕಟಿಸುತ್ತಾ ಬಂತು. 2023ರ ಕೊನೆಗೆ ದೇಶದಲ್ಲಿ 561 ಮಂದಿ ಗಲ್ಲು ಕೈದಿಗಳಿದ್ದರು ಎಂಬ ಲೆಕ್ಕ ಅಲ್ಲಿಂದ ಬಂದದ್ದು. 2025ರಲ್ಲಿ ತಂಡ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯಕ್ಕೆ ಹೋಗಿ 'ಸ್ಕ್ವೇರ್ ಸರ್ಕಲ್ ಕ್ಲಿನಿಕ್' ಎಂದು ಹೆಸರು ಬದಲಿಸಿಕೊಂಡಿತು.

2021ರಲ್ಲಿ ಬಂದ ಇವರ ಇನ್ನೊಂದು ವರದಿಗೆ ಬೆಂಗಳೂರಿನ ನಂಟು ಇದೆ. ಗಲ್ಲು ಕೈದಿಗಳ ಮಾನಸಿಕ ಆರೋಗ್ಯದ ಬಗ್ಗೆ ನಡೆದ ಈ ಅಧ್ಯಯನಕ್ಕೆ ನಿಮ್ಹಾನ್ಸ್‌ನ ಪ್ರತಿಮಾ ಮೂರ್ತಿ ಮೊದಲಾದ ತಜ್ಞರ ಮಾರ್ಗದರ್ಶನ ಇತ್ತು. ಕರ್ನಾಟಕವೂ ಸೇರಿ 5 ರಾಜ್ಯಗಳ 88 ಕೈದಿಗಳನ್ನು ಕಂಡು ಮಾತಾಡಿಸಿದಾಗ 100ಕ್ಕೆ 62 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುವುದು ಕಂಡಿತು. ಮರು ವರ್ಷ, ಅಂದರೆ 2022ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಗಲ್ಲು ಶಿಕ್ಷೆಯ ಪ್ರಶ್ನೆ ಎದ್ದ ಕೇಸುಗಳಲ್ಲಿ ಆರೋಪಿಯ ಬದುಕಿನ ಹಿನ್ನೆಲೆ, ಮನಸ್ಥಿತಿ, ಜೈಲಿನ ನಡವಳಿಕೆ ಎಲ್ಲದರ ಮಾಹಿತಿ ವಿಚಾರಣಾ ಹಂತದಲ್ಲೇ ತರಿಸಿಕೊಳ್ಳಬೇಕು ಎಂದು ಹೇಳಿತು. ಅದನ್ನು ಸಂಗ್ರಹಿಸುವುದು ಒಬ್ಬ ವಕೀಲರಿಂದ ಆಗುವ ಕೆಲಸವಲ್ಲ. ಸಮಾಜಕಾರ್ಯ ಓದಿದವರು, ಮನಃಶಾಸ್ತ್ರ ಓದಿದವರು ಬೇಕು. ಊರೂರು ಸುತ್ತುವ ಕಾಲು ಬೇಕು.

ಶಾಲೆಯ ರಿಜಿಸ್ಟರು ಉಳಿಸಿದ ಜೀವ

ಇಂತಹ ಕೆಲಸದಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಕೇಸು ಸಾಕು. 1994ರ ಆಗಸ್ಟ್‌ನಲ್ಲಿ ಪುಣೆಯ ಒಂದು ಮನೆಯಲ್ಲಿ ಏಳು ಜನರ ಕೊಲೆಯಾಯಿತು. ಅತಿ ಘೋರವಾದ ಕೃತ್ಯ. ರಾಜಸ್ಥಾನದಿಂದ ಬಂದು ಅಲ್ಲಿ ಕೆಲಸ ಮಾಡುತ್ತಿದ್ದವರನ್ನು ಪೊಲೀಸರು ಹಿಡಿದರು. ಅವರಲ್ಲಿ ಒಬ್ಬನ ಹೆಸರನ್ನು ನಾರಾಯಣ ಎಂದು ಬರೆದುಕೊಂಡರು, ವಯಸ್ಸು ದೊಡ್ಡವನದೆಂದು ಹಾಕಿದರು. 1998ರಲ್ಲಿ ಗಲ್ಲು ಶಿಕ್ಷೆಯಾಯಿತು. 2000ದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಆತನ ನಿಜವಾದ ಹೆಸರು ಬೇರೆ. ಬಿಕಾನೇರ್ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯ ದಾಖಲೆಯಲ್ಲಿ ಆ ಹೆಸರೂ ಹುಟ್ಟಿದ ದಿನವೂ ಇದ್ದವು. ಅದರ ಪ್ರಕಾರ ಕೊಲೆ ನಡೆದಾಗ ಆತನಿಗೆ 12 ವರ್ಷ 6 ತಿಂಗಳು. ಅಂದರೆ ಬಾಲಕ. ನಮ್ಮ ಕಾನೂನಿನಲ್ಲಿ ಬಾಲಕನಿಗೆ ಗಲ್ಲು ಶಿಕ್ಷೆಯೇ ಇಲ್ಲ. ಪ್ರಾಜೆಕ್ಟ್ 39ಎ ತಂಡ ಆತನ ಪರವಾಗಿ ನಿಂತಿತು. 2023ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಶಾಲೆಯ ದಾಖಲೆಯನ್ನು ಒಪ್ಪಿ ಬಿಡುಗಡೆಗೆ ಆದೇಶ ನೀಡಿತು. ಅಷ್ಟರಲ್ಲಿ 28 ವರ್ಷ ಜೈಲಿನಲ್ಲಿ ಕಳೆದಿತ್ತು.

ಹೆಸರು ಬದಲಾಗುವುದು ಎಷ್ಟು ಸಣ್ಣ ವಿಷಯ ಎಂದು ಅನ್ನಿಸಬಹುದು. ಗಡಿಯಲ್ಲಿ ಬದುಕುವವರಿಗೆ ಹಾಗೆ ಅನ್ನಿಸದು. ತಮಿಳು ಲಿಪಿಯಲ್ಲಿ ಕ ಮತ್ತು ಗಕ್ಕೆ, ತ ಮತ್ತು ದಕ್ಕೆ, ಪ ಮತ್ತು ಬಕ್ಕೆ ಒಂದೊಂದೇ ಅಕ್ಷರ. ಬಸಪ್ಪ ಅಲ್ಲಿ ಬರೆದ ಮೇಲೆ ಪಸಪ್ಪನೂ ಆಗಬಹುದು. ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಇನ್ನೊಂದು ರೂಪ. ಅಪ್ಪನ ಹೆಸರು ಹೆಸರಿನ ಮುಂದೆ ಒಂದಕ್ಷರವಾಗಿ ನಿಲ್ಲುತ್ತದೆ. ಆನೇಕಲ್ ಕಡೆ ಓದಿದವನ ಟಿ.ಸಿ.ಯಲ್ಲಿ ಊರ ಹೆಸರು ಸೇರಿರುತ್ತದೆ. ರೇಷನ್ ಕಾರ್ಡು, ಆಧಾರ್, ಟಿ.ಸಿ. ಮೂರರಲ್ಲಿ ಮೂರು ಹೆಸರು ಇರುವ ಮನೆಗಳು ಈ ಭಾಗದಲ್ಲಿ ಅಪರೂಪವಲ್ಲ. ವಿ.ಎ.ಒ. ಕಚೇರಿಯಲ್ಲಿ ಇದರಿಂದ ಆಗುವ ನಷ್ಟ ಒಂದೆರಡು ದಿನದ ಓಡಾಟ. ಕ್ರಿಮಿನಲ್ ಕೇಸಿನಲ್ಲಿ ಆಗುವ ನಷ್ಟ ಬೇರೆ ತೂಕದ್ದು.

ಅರ್ಥವಾಗದ ಭಾಷೆಯಲ್ಲಿ ಕೇಸು

ಜವಳಗಿರಿಯ ಕಾಡು ಆ ಕಡೆ ಬನ್ನೇರುಘಟ್ಟಕ್ಕೆ ಸೇರಿಕೊಂಡಿದೆ. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ, ದನ ಮೇಯಿಸುವವನಿಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಕೂಲಿಗೆ, ವ್ಯಾಪಾರಕ್ಕೆ, ನೆಂಟಸ್ತನಕ್ಕೆ ಜನ ಎರಡೂ ಕಡೆ ಓಡಾಡುತ್ತಾರೆ. ಆದ್ದರಿಂದ ಕನ್ನಡ ಮಾತ್ರ ಬಲ್ಲ ಮುದುಕ ತಮಿಳು ನಡೆಯುವ ನ್ಯಾಯಾಲಯದಲ್ಲಿ ನಿಲ್ಲಬೇಕಾಗಬಹುದು. ತಮಿಳು ಮಾತ್ರ ಬಲ್ಲ ಕೂಲಿಯಾಳು ಆನೇಕಲ್‌ನಲ್ಲಿ ಕನ್ನಡದ ಕಲಾಪ ಕೇಳುತ್ತಾ ನಿಲ್ಲಬೇಕಾಗಬಹುದು.

ಕಾನೂನು ಇದನ್ನು ಮರೆತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 307ನೇ ಸೆಕ್ಷನ್ ಪ್ರಕಾರ ಹೈಕೋರ್ಟ್ ಬಿಟ್ಟು ಉಳಿದ ನ್ಯಾಯಾಲಯಗಳ ಭಾಷೆ ಯಾವುದೆಂದು ರಾಜ್ಯ ಸರ್ಕಾರ ತೀರ್ಮಾನಿಸುತ್ತದೆ. ಆದರೆ 314ನೇ ಸೆಕ್ಷನ್, ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ಹೇಳಿಕೆ ನಡೆದರೆ ಅದನ್ನು ತೆರೆದ ನ್ಯಾಯಾಲಯದಲ್ಲೇ ಆತನಿಗೆ ತಿಳಿಯುವ ಭಾಷೆಗೆ ಹೇಳಿಸಬೇಕು ಎನ್ನುತ್ತದೆ. ಹಳೆಯ ಕಾನೂನಿನಲ್ಲೂ 279ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು. ಬಂಧನದ ಕಾರಣಗಳ ಬಗ್ಗೆ 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ಅಪರಾಧವೇ ಆಗಲಿ, ಬಂಧನದ ಕಾರಣವನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕೂಡಲೇ ಆಗದಿದ್ದರೆ ಬಾಯಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ರಿಮ್ಯಾಂಡಿಗೆ ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮುಂಚೆಯಾದರೂ ಬರಹ ಕೊಟ್ಟಿರಬೇಕು.

ಜಾಮೀನಿನ ವಿಷಯದಲ್ಲಿ 1978ರ ಒಂದು ತೀರ್ಪನ್ನು ಗಡಿಯ ಜನ ತಿಳಿದಿರುವುದು ಒಳ್ಳೆಯದು. ಮಧ್ಯಪ್ರದೇಶದಲ್ಲಿ ಒಬ್ಬ ಬಡ ಗಾರೆ ಕೆಲಸದವನಿಗೆ 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ತಂದದ್ದು ಸಹೋದರನ ಶ್ಯೂರಿಟಿ. ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ತಳ್ಳಿಹಾಕಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿದರು. ದೂರದ ಊರಿನಲ್ಲಿ ಬಂಧನವಾದ ಕನ್ನಡಿಗನೋ ತಮಿಳನೋ ಅಲ್ಲಿ ಶ್ಯೂರಿಟಿಗೆ ಯಾರನ್ನು ಹುಡುಕಬೇಕು ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಹೊಸೂರಿನಿಂದ ಆನೇಕಲ್ ಕೂಗಳತೆಯ ದೂರವೇ ಇರಬಹುದು, ಆದರೆ ಜಿಲ್ಲೆ ಬೇರೆ, ರಾಜ್ಯವೂ ಬೇರೆ.

ಸೆಕ್ಷನ್ನುಗಳು ಪುಸ್ತಕದಲ್ಲಿ ಇವೆ. ಕಟಕಟೆಯಲ್ಲಿ ನಿಂತವನು ತನಗೆ ತಿಳಿಯುತ್ತಿಲ್ಲ ಎಂದು ಬಾಯಿ ಬಿಡದಿದ್ದರೆ ಕಲಾಪ ಮುಂದಕ್ಕೆ ಹೋಗಿಬಿಡುತ್ತದೆ. ತಿಳಿಯಿತೇ ಎಂದು ಕೇಳಿದರೆ ತಲೆ ಆಡಿಸುವವರೇ ಹೆಚ್ಚು. ಈ ಗಡಿಯ ನ್ಯಾಯಾಲಯಗಳಲ್ಲಿ ಎಷ್ಟು ಕೇಸುಗಳಲ್ಲಿ ದುಭಾಷಿ ಬೇಕಿತ್ತು, ಎಷ್ಟರಲ್ಲಿ ಸಿಕ್ಕಿದರು? ಒಂದು ಕಾಲೇಜಿನ ನಾಲ್ಕು ವಿದ್ಯಾರ್ಥಿಗಳು, ಒಬ್ಬ ಮೇಷ್ಟ್ರು ಸೇರಿದರೆ ಒಂದು ವರ್ಷದಲ್ಲಿ ಲೆಕ್ಕ ಹಾಕಬಹುದಾದ ಪ್ರಶ್ನೆ ಇದು. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಸಾರ್ವಜನಿಕ. ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಲು ಹಣ ಬೇಕಿಲ್ಲ.

ಕ್ಲಿನಿಕ್ ಎಂದರೆ ಆಸ್ಪತ್ರೆಯಲ್ಲ

ವಿದ್ಯಾರ್ಥಿಗಳನ್ನು ಇಂತಹ ಕೆಲಸಕ್ಕೆ ಹಚ್ಚುವ ಪದ್ಧತಿಗೆ ನಮ್ಮಲ್ಲಿ ಹಳೆಯ ಬೇರು ಇದೆ. ಎನ್.ಆರ್. ಮಾಧವ ಮೆನನ್ ದೆಹಲಿ ವಿಶ್ವವಿದ್ಯಾಲಯದಲ್ಲಿದ್ದಾಗಲೇ ಕಾನೂನು ನೆರವಿನ ಕ್ಲಿನಿಕ್ ನಡೆಸಿದವರು. ವೈದ್ಯ ವಿದ್ಯಾರ್ಥಿ ರೋಗಿಯನ್ನು ನೋಡದೆ ಡಾಕ್ಟರಾಗುವುದಿಲ್ಲ, ಕಾನೂನು ವಿದ್ಯಾರ್ಥಿ ಕಕ್ಷಿದಾರನನ್ನು ನೋಡದೆ ವಕೀಲನಾಗುವುದು ಹೇಗೆ ಎಂಬುದು ಈ ಪದ್ಧತಿಯ ಹಿಂದಿನ ತರ್ಕ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಮೊದಲ ನಿರ್ದೇಶಕರೂ ಅವರೇ. 2019ರಲ್ಲಿ ತೀರಿಕೊಂಡರು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಈಗ ಪ್ರತಿಯೊಂದು ಕಾನೂನು ಕಾಲೇಜಿನಲ್ಲೂ ಕಾನೂನು ನೆರವಿನ ಕ್ಲಿನಿಕ್ ಇರಲೇಬೇಕು. 3 ವರ್ಷದ ಕೋರ್ಸಿನವರು ಕನಿಷ್ಠ 12 ವಾರ, 5 ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಕೆಲವು ಕಡೆ ಇದು ಸಹಿ ಹಾಕಿಸಿಕೊಳ್ಳುವ ಡೈರಿಯಾಗಿ ಮುಗಿಯುತ್ತದೆ ಎಂಬುದೂ ಸುಳ್ಳಲ್ಲ. ಮಾಡುವ ಮನಸ್ಸಿದ್ದವರಿಗೆ ಬಾಗಿಲು ಮಾತ್ರ ತೆರೆದಿದೆ.

ಉಚಿತ ವಕೀಲರ ಹಕ್ಕು ಬಂದ ಕತೆಯಲ್ಲೂ ಒಬ್ಬ ಪ್ರಾಧ್ಯಾಪಕ ಬರುತ್ತಾನೆ, ಆದರೆ ಬೇರೆ ರೀತಿಯಲ್ಲಿ. ಸೌರಾಷ್ಟ್ರ ವಿಶ್ವವಿದ್ಯಾಲಯದ ಒಬ್ಬ ರೀಡರ್ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಕಲಿ ಸೀಲು ಮಾಡಿಸಲು ಹೋಗಿ ಸಿಕ್ಕಿಬಿದ್ದ. ಹೈಕೋರ್ಟ್ 3 ವರ್ಷ ಶಿಕ್ಷೆ ಕೊಟ್ಟಿತು. ತೀರ್ಪಿನ ಪ್ರತಿ ಸಮಯಕ್ಕೆ ತಲುಪಲಿಲ್ಲ ಎಂದು ತಡವಾಗಿ ಸುಪ್ರೀಂ ಕೋರ್ಟಿಗೆ ಹೋದ. 1978ರಲ್ಲಿ ಆತನ ಅರ್ಜಿ ವಜಾ ಆಯಿತು. ಆದರೆ ಅದೇ ತೀರ್ಪಿನಲ್ಲಿ, ಜೈಲಿನಲ್ಲಿರುವವನಿಗೆ ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ವಕೀಲರನ್ನು ಇಡಲು ಶಕ್ತಿಯಿಲ್ಲದಿದ್ದರೆ ಮೇಲ್ಮನವಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಎಂಬ ನಿಯಮ ಹುಟ್ಟಿತು. ಕಳ್ಳ ಸೀಲಿನಿಂದ ಬಡವರಿಗೆ ಆದ ಲಾಭ!

ಜೈಲಿಗೇ ಹೋಗಬೇಕೆಂದೇನೂ ಇಲ್ಲ. ಬೆಂಗಳೂರಿನ ಕಾನೂನು ಶಾಲೆಯ ಪ್ರಾಧ್ಯಾಪಕ ಮೃಣಾಲ್ ಸತೀಶ್ ಅತ್ಯಾಚಾರ ಕೇಸುಗಳ ತೀರ್ಪುಗಳನ್ನು ರಾಶಿಗಟ್ಟಲೆ ಓದಿ ಪುಸ್ತಕ ಬರೆದವರು. ಒಂದೇ ಬಗೆಯ ಅಪರಾಧಕ್ಕೆ, ಹೆಣ್ಣಿಗೆ ಮದುವೆಯಾಗಿತ್ತೇ, ಆರೋಪಿ ಪರಿಚಿತನೇ ಎಂಬ ಸಂಬಂಧವಿಲ್ಲದ ಕಾರಣಗಳಿಂದ ಶಿಕ್ಷೆ ಹೆಚ್ಚುಕಡಿಮೆ ಆಗುತ್ತಿತ್ತೆಂದು ಅವರು ತೋರಿಸಿದರು. ತೀರ್ಪು ಓದಿ ಪಟ್ಟಿ ಮಾಡುವ ಇಂತಹ ಕೆಲಸ ಈಗ ಮನೆಯಲ್ಲೇ ಕೂತು ಆಗುತ್ತದೆ. ನ್ಯಾಯಾಲಯಗಳ ಆದೇಶಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ.

ಈ ಭಾಗದ ಮಕ್ಕಳಿಗೆ ದಾರಿ

ಹತ್ತಿರದ ಸರ್ಕಾರಿ ಕಾನೂನು ಕಾಲೇಜು ಧರ್ಮಪುರಿಯಲ್ಲಿ 2017ರಲ್ಲಿ ಶುರುವಾಯಿತು. ಗಡಿ ದಾಟಿದರೆ ಬೆಂಗಳೂರಿನ ಕಾಲೇಜುಗಳಿವೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆಯಲು ಅವಕಾಶ ಇದೆ. ಕಾನೂನಲ್ಲದೆ ಅಪರಾಧಶಾಸ್ತ್ರವನ್ನೇ ಓದಬೇಕೆಂದರೆ ಮದ್ರಾಸ್ ವಿಶ್ವವಿದ್ಯಾಲಯ, ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ.

ರಾಷ್ಟ್ರೀಯ ಕಾನೂನು ಶಾಲೆಗಳ ಬಾಗಿಲು ಇಷ್ಟು ಸಲೀಸಲ್ಲ. ಅವುಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಬೆಂಗಳೂರಿನ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆಂದು 100ಕ್ಕೆ 25 ಸೀಟು ಮೀಸಲಿದೆ. ಆದರೆ ಅದಕ್ಕೆ ಮನೆಮಾತು ಲೆಕ್ಕವಿಲ್ಲ, ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಜವಳಗಿರಿಯಲ್ಲೇ ಶಾಲೆ ಮುಗಿಸಿದ ಕನ್ನಡದ ಹುಡುಗಿ ಬೆಂಗಳೂರಿಗೆ ಎಷ್ಟು ಹತ್ತಿರವಿದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಆಕೆ ಸಾಮಾನ್ಯ ಸೀಟಿಗೋ, ತಿರುಚಿರಾಪಳ್ಳಿಯ ತಮಿಳುನಾಡು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೋ ಪ್ರಯತ್ನಿಸುವುದು ವಾಸಿ. ಮಗುವನ್ನು ಯಾವ ರಾಜ್ಯದ ಶಾಲೆಗೆ ಹಾಕುವುದು ಎಂದು ಯೋಚಿಸುವ ಪೋಷಕರು ಈ ಲೆಕ್ಕವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು.

ಕಾನೂನು ಓದದವರಿಗೂ ಒಂದು ಬಾಗಿಲಿದೆ. ಕಾನೂನು ಸೇವಾ ಪ್ರಾಧಿಕಾರಗಳು 2009ರ ಯೋಜನೆಯಂತೆ ಅರೆ ಕಾನೂನು ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಡುತ್ತವೆ. ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಕೂಡ ಸೇರಬಹುದು. ವಿಚಾರಿಸಬೇಕಾದ ಜಾಗ ಕೃಷ್ಣಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ.

ಜೈಲಿನಲ್ಲಿ ಇಂತಹವರಿಗೆ ಕೆಲಸ ಬೇಕಾದಷ್ಟಿದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ಶಿಕ್ಷೆಯಾಗದವರು. ಹೊಸ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಇದ್ದವರನ್ನು, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗ ಕಳೆದವರನ್ನು, ಜಾಮೀನಿನ ಮೇಲೆ ಬಿಡಬೇಕು. ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೂ ಇದು ಅನ್ವಯಿಸದು. ಯಾರು ಎಷ್ಟು ದಿನ ಕಳೆದಿದ್ದಾರೆ ಎಂದು ಕೂಡಿಸಿ ಕಳೆದು ಪಟ್ಟಿ ಮಾಡುವುದಕ್ಕೆ ವಕೀಲಿಕೆ ಬೇಡ, ತಾಳ್ಮೆ ಸಾಕು.

ಮಾಡಬಾರದ್ದೂ ಇದೆ. ವಿದ್ಯಾರ್ಥಿ ನ್ಯಾಯಾಲಯದಲ್ಲಿ ವಾದ ಮಾಡುವಂತಿಲ್ಲ. ಬಿಡಿಸಿಕೊಡುತ್ತೇನೆ ಎಂದು ಕೈದಿಯ ಮನೆಯವರಿಗೆ ಮಾತು ಕೊಡಬಾರದು. ಅವರು ಹೇಳಿಕೊಂಡದ್ದನ್ನು ಊರಲ್ಲಾಗಲಿ ವಾಟ್ಸ್ಆ್ಯಪ್‌ನಲ್ಲಾಗಲಿ ಹಂಚಬಾರದು. ಕೈದಿ ಮಾತಾಡಲು ಒಲ್ಲೆ ಎಂದರೆ ಎದ್ದು ಬರಬೇಕು. ದುಭಾಷಿಯಾಗಿ ಕೂತವರು ತಮ್ಮ ಅಭಿಪ್ರಾಯ ಸೇರಿಸದೆ ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಬೇಕು. ಎರಡು ಭಾಷೆ ಬಲ್ಲವರಿಗೆ ಇದೇ ಅತ್ಯಂತ ಕಷ್ಟದ ಪಾಠ. ಕೇಳುವಾಗಲೇ ಅರ್ಥವನ್ನು ಸ್ವಲ್ಪ ತಿದ್ದಿಬಿಡುವ ಅಭ್ಯಾಸ ನಮಗೆಲ್ಲ ಇದೆ.

ಸದ್ಯ ಮನೆಯಲ್ಲಿ ಯಾರಾದರೂ ಕೇಸಿನಲ್ಲಿ ಸಿಕ್ಕಿಕೊಂಡಿದ್ದರೆ ಸಂಶೋಧನೆಗೆ ಕಾಯಬೇಕಿಲ್ಲ. ಬಂಧನದಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಎಷ್ಟೇ ಆದಾಯವಿದ್ದರೂ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ದೇಶದ ಯಾವ ಮೂಲೆಯಿಂದಲಾದರೂ ಕರೆ ಮಾಡಬಹುದಾದ ಕಾನೂನು ನೆರವಿನ ಸಂಖ್ಯೆ 15100. ಕರೆ ಮಾಡುವಾಗ ಎಫ್‌ಐಆರ್ ನಂಬರು, ಠಾಣೆಯ ಹೆಸರು, ಬಂಧನದ ದಿನ ಕೈಯಲ್ಲಿ ಬರೆದಿಟ್ಟುಕೊಂಡಿರಲಿ. ದಾಖಲೆಯಲ್ಲಿ ಹೆಸರು ಹೇಗೆ ಬರೆದಿದೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.